ಸಿಮೆಂಟ್ ಮೆತ್ತಿಸಿದ್ದು ನಾನೇ

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಕೆ.ಆರ್. ನಗರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮಜ್ಜಿಯ ತೊಟ್ಟಿ ಮನೆಯ ಪಡಸಾಲೆ ಗೋಡೆ ಇವತ್ತು ಪುಡಿಪುಡಿಯಾಗಿ ಉದುರುತ್ತಿದ್ದರೆ ಅದಕ್ಕೆ ಅರ್ಧ ಕಾರಣ ನಾನು. ಎರಡು ವರ್ಷದ ಹಿಂದೆ ಸಿಇಟಿ ಕೌನ್ಸೆಲಿಂಗ್‌ನಲ್ಲಿ ನನಗೆ ಸಿವಿಲ್ ಸೀಟು ಸಿಕ್ಕಿತ್ತು. ಇನ್ನೂ ಒಂದು ಕ್ಲಾಸಿಗೂ ಹೋಗಿರಲಿಲ್ಲ, ಊರಲ್ಲಿ ಆಗಲೇ ‘ಇಂಜಿನಿಯರ್ ಬಂದ್ಲು’ ಅನ್ನೋದು ಶುರುವಾಗಿತ್ತು. ಗೋಡೆಯ ಬುಡದಲ್ಲಿ ತೇವ ಬರುತ್ತಿತ್ತು, ಸುಣ್ಣದ ಪದರ ಅಲ್ಲಲ್ಲಿ ಎದ್ದಿತ್ತು. ಅಜ್ಜಿ ಕೇಳಿದರು: “ಏನ್ ಮಾಡ್ಸೋದು ಪುಟ್ಟಿ? ನೀನೇ ಹೇಳು, ಓದ್ತಾ ಇರೋಳು ನೀನು.”

ನಾನು ಯೂಟ್ಯೂಬ್‌ನಲ್ಲಿ ಎರಡು ವಿಡಿಯೋ ನೋಡಿ ಹೇಳಿದೆ: ಹಳೇ ಗಾರೆ ಎಲ್ಲಾ ಕಿತ್ತುಹಾಕಿ, ಮೂರೂವರೆ ಅಡಿವರೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ. ಅಪ್ಪ ದುಡ್ಡು ಕೊಟ್ಟರು. ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು. ಗೋಡೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ ನಾನು ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ.

ಒಂದು ಮಳೆಗಾಲ ಸುಮ್ಮನಿತ್ತು. ಎರಡನೇ ಮಳೆಗಾಲದಲ್ಲಿ ತೇವ ಮೂರೂವರೆ ಅಡಿ ದಾಟಿ ಮೇಲಕ್ಕೆ ಹೋಯಿತು. ಮೊದಲು ಮೊಣಕಾಲ ಹತ್ತಿರ ನಿಲ್ಲುತ್ತಿದ್ದದ್ದು ಈಗ ನನ್ನ ಭುಜದ ಹತ್ತಿರ! ಪೇಂಟ್ ಗುಳ್ಳೆ ಎದ್ದಿತು. ಒಂದು ಕಡೆ ಪ್ಲಾಸ್ಟರ್ ಹಲಗೆ ಥರ ಇಡಿಯಾಗಿ ಕಳಚಿಕೊಂಡು ಬಿತ್ತು. ಹಿಂದೆ ನೋಡಿದರೆ ಮಣ್ಣಿನ ಗೋಡೆ ನೆನೆದ ಬಿಸ್ಕೆಟ್ ಆಗಿದೆ. ಬೆರಳು ಇಟ್ಟರೆ ಒಳಗೆ ಹೋಗುತ್ತೆ.

ಇದು ಯಾಕೆ ಹೀಗಾಯಿತು ಅಂತ ನನಗೆ ಹೇಳಿದ್ದು ಕ್ಲಾಸ್ ಅಲ್ಲ. ಪಕ್ಕದ ಊರಿನ ಒಬ್ಬ ಗಾರೆ ತಾತ. ಎಪ್ಪತ್ತೈದು ದಾಟಿದೆ, ಈಗ ಕೆಲಸಕ್ಕೆ ಹೋಗೋದಿಲ್ಲ. ಅಪ್ಪ ಕಾರಿನಲ್ಲಿ ಕರೆದುಕೊಂಡು ಬಂದರು. ತಾತ ಗೋಡೆಯನ್ನು ಒಂದೇ ಸಲ ಸವರಿ ನೋಡಿ ನನ್ನನ್ನು ಕೇಳಿದರು: “ಒದ್ದೆ ಬಟ್ಟೇನ ಗಾಳಿಗೆ ಹಾಕ್ತೀಯೋ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕಟ್ಟಿಡ್ತೀಯೋ ಅವ್ವ?”

ಅಷ್ಟೇ. ಅದರಲ್ಲಿ ಎಲ್ಲಾ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಹಳೆಯ ಮಣ್ಣಿನ ಗೋಡೆಗೆ ನಾವು ಈಗ ಹಾಕುವಂಥ ಡಿಪಿಸಿ ಇರುವುದಿಲ್ಲ. ನೆಲದ ನೀರು ಕ್ಯಾಪಿಲರಿಯಿಂದ ಮೇಲೆ ಹತ್ತುತ್ತದೆ, ಅದನ್ನು ಪೂರ್ತಿ ತಡೆಯೋಕೆ ಆಗಲ್ಲ. ಆದರೆ ಮೇಲೆ ಸುಣ್ಣದ ಗಾರೆಯೋ ಮಣ್ಣಿನ ಮೆತ್ತೋ ಇದ್ದರೆ ಹತ್ತಿದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಬುಡ ಸ್ವಲ್ಪ ಒದ್ದೆ, ಮೇಲೆ ಒಣ, ಹಾಗೇ ನೂರು ವರ್ಷ ನಡೆಯುತ್ತೆ. ನಾನು ಮಾಡಿದ್ದು ಆ ಬಾಗಿಲನ್ನು ಮುಚ್ಚಿದ್ದು. ಹೊರಗೆ ಹೋಗಲಾಗದ ನೀರು ಇನ್ನೂ ಮೇಲೆ ಹತ್ತಿತು. ಜೊತೆಗೆ ನೀರಲ್ಲಿ ಕರಗಿದ್ದ ಉಪ್ಪು ಪ್ಲಾಸ್ಟರ್ ಹಿಂದೆ ಹರಳುಗಟ್ಟಿ ಅದನ್ನು ಒಳಗಿನಿಂದ ತಳ್ಳಿತು. ಇನ್ನೊಂದು ಸಮಸ್ಯೆ, ಸಿಮೆಂಟ್ ಬಿಗಿ, ಮಣ್ಣು ಮೆತ್ತಗೆ. ಬೇಸಿಗೆ ಮಳೆಗಾಲಕ್ಕೆ ಮಣ್ಣಿನ ಗೋಡೆ ಸ್ವಲ್ಪ ಆ ಕಡೆ ಈ ಕಡೆ ಆಗುತ್ತೆ, ಸಿಮೆಂಟ್ ಜೊತೆಗೆ ಬರಲ್ಲ, ಸೀಳುತ್ತೆ. ಸೀಳಿದ ಕಡೆ ಮಳೆ ನೀರು ಒಳಗೆ ಹೋಗುತ್ತೆ, ವಾಪಸ್ ಬರಲ್ಲ.

ನಾನು ಇಷ್ಟೆಲ್ಲಾ ಬರೆಯುತ್ತಿರೋದಕ್ಕೆ ಕಾರಣ ಇದೆ. ಹಳೇ ಮನೆ ಅಂದ ತಕ್ಷಣ ನಮ್ಮಲ್ಲಿ ಎರಡೇ ಥರ ಮಾತು. ಒಂದು, ‘ಅಯ್ಯೋ ಹಳೇದು, ಕೆಡವಿ ಆರ್‌ಸಿಸಿ ಹಾಕ್ಸಿ.’ ಇನ್ನೊಂದು ವಾಟ್ಸಾಪ್‌ನಲ್ಲಿ ಬರುತ್ತಲ್ಲ, ‘ನಮ್ಮ ಪೂರ್ವಜರಿಗೆ ಎಲ್ಲಾ ಗೊತ್ತಿತ್ತು’ ಅಂತ, ಕೆಳಗೆ ನಮಸ್ಕಾರದ ಇಮೋಜಿ. ಎರಡೂ ಮಾತು ಆಡುವವರು ಮನೆಯ ಹಂಚನ್ನು ಒಂದು ಸಲವೂ ಎತ್ತಿ ನೋಡಿರೋದಿಲ್ಲ. ನನ್ನ ಅಭಿಪ್ರಾಯ ಏನೆಂದರೆ, ಹಳೇ ಮನೆಗೆ ಬೇಕಾಗಿರೋದು ಭಕ್ತಿ ಅಲ್ಲ, ಮೇಂಟೆನೆನ್ಸ್. ಆ ಮೇಂಟೆನೆನ್ಸ್ ಮಾಡುವ ಕೈಗಳು ಕಡಿಮೆ ಆಗುತ್ತಿವೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದವರು ಇಂಜಿನಿಯರಿಂಗ್ ಓದುವ ನಾವು, ನಾವೇ ಕೆಡಿಸಿಕೊಳ್ಳುತ್ತಿಲ್ಲ.

ಮನೆ ಹೇಗಿದೆ ಅಂತ ಸ್ವಲ್ಪ ಹೇಳ್ತೀನಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಹಜಾರ, ಎಂಟು ಮರದ ಕಂಬ. ಪ್ರತಿ ಕಂಬ ಒಂದು ಕಲ್ಲಿನ ಮೇಲೆ ನಿಂತಿದೆ. ಚಿಕ್ಕವಳಿದ್ದಾಗ ಆ ಕಲ್ಲು ಬರೀ ಅಲಂಕಾರ ಅಂದುಕೊಂಡಿದ್ದೆ, ಅದರ ಮೇಲೆ ಕೂತು ಕಡಲೆಕಾಯಿ ತಿನ್ನೋಕೆ ಸರಿಯಾಗಿತ್ತು. ಈಗ ನೋಡಿದರೆ ಮರ ನೆಲಕ್ಕೆ ತಾಗದ ಹಾಗೆ, ತೇವವೂ ಗೆದ್ದಲೂ ನೇರವಾಗಿ ಹತ್ತದ ಹಾಗೆ ಇಟ್ಟ ಕಲ್ಲು ಅದು. ಕಂಬದ ತಲೆಯ ಮೇಲೆ ಎರಡೂ ಕಡೆಗೆ ಚಾಚಿಕೊಂಡ ಕೆತ್ತನೆಯ ಮರದ ತುಂಡಿದೆ. ಹೂವು, ಬಳ್ಳಿ, ತುದಿಯಲ್ಲಿ ಬಾಳೆಮೂತಿ. ಅದಕ್ಕೆ ಬೋದಿಗೆ ಅಂತಾರೆ. ಇಂಗ್ಲಿಷ್ ಮೀಡಿಯಂ ಓದಿದ ನನಗೆ ಬ್ರಾಕೆಟ್, ಕಾರ್ಬೆಲ್, ಕ್ಯಾಪಿಟಲ್ ಎಲ್ಲಾ ಗೊತ್ತಿತ್ತು. ಹುಟ್ಟಿದಾಗಿನಿಂದ ತಲೆಯ ಮೇಲೇ ಇದ್ದ ಬೋದಿಗೆಯ ಹೆಸರು ಗೊತ್ತಾಗಿದ್ದು ಹದಿನೆಂಟನೇ ವಯಸ್ಸಿಗೆ.

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಲ್ಲಿ ಕೂತಿದ್ದಾಗ ಒಂದು ದಿನ ಸುಮ್ಮನೆ ಲೆಕ್ಕ ಹಾಕಿದೆ. ನಮ್ಮ ಮನೆಯಲ್ಲಿ ಎರಡು ಕಂಬಗಳ ನಡುವೆ ಹತ್ತಿರ ಹತ್ತಿರ 8 ಅಡಿ. ಬೋದಿಗೆ ಎರಡೂ ಕಡೆಯಿಂದ ಒಂದೊಂದು ಅಡಿ ಚಾಚಿದೆ. ಅಂದರೆ ತೊಲೆಗೆ ಆಧಾರವಿಲ್ಲದ ಉದ್ದ 6 ಅಡಿ. ಬೆಂಡಿಂಗ್ ಮೊಮೆಂಟ್ ಸ್ಪ್ಯಾನ್‌ನ ವರ್ಗಕ್ಕೆ ತಕ್ಕಂತೆ ಏರುತ್ತೆ ಅನ್ನೋದು ಎಲ್ಲರಿಗೂ ಗೊತ್ತು. 64 ಇದ್ದದ್ದು 36 ಆಯಿತು. ತುಂಬಾ ಸರಳ ಲೆಕ್ಕ ಇದು, ನಿಜವಾದ ತೊಲೆ ಇಷ್ಟು ವಿಧೇಯವಾಗಿ ನಡೆದುಕೊಳ್ಳಲ್ಲ, ಬೋದಿಗೆಯೂ ಸ್ವಲ್ಪ ಬಾಗುತ್ತೆ. ಆದರೂ ಶೇಕಡಾ 40ಕ್ಕೂ ಹೆಚ್ಚು ಕಡಿಮೆ! ಇಷ್ಟು ದಿನ ನಾನು ಅಲಂಕಾರ ಅಂದುಕೊಂಡದ್ದು ಕೆಲಸ ಮಾಡುತ್ತಿತ್ತು. ಆಚಾರಿಗೆ ಈ ಫಾರ್ಮುಲಾ ಗೊತ್ತಿತ್ತು ಅಂತ ನಾನು ಹೇಳಲ್ಲ. ಬೋದಿಗೆ ಇಲ್ಲದ ತೊಲೆ ಬಾಗಿದ್ದನ್ನು ಅವರು, ಅವರಪ್ಪ, ಅವರ ತಾತ ಯಾರೋ ನೋಡಿದ್ದರು. ಅಷ್ಟು ಸಾಕು.

ಮರಗಳನ್ನು ಕೂಡಿಸಿರೋದು ಮೊಳೆಯಿಂದಲ್ಲ. ಒಂದರೊಳಗೆ ಒಂದು ತೂರಿಸಿ ಮರದ ಬೆಣೆ ಹೊಡೆದಿದ್ದಾರೆ. ಬೆಣೆ ತೆಗೆದರೆ ಬಿಡಿಸಬಹುದು. ಕೆಟ್ಟ ಜಂತೆ ಒಂದನ್ನೇ ತೆಗೆದು ಹೊಸದು ಹಾಕಬಹುದು. ಹಂಚು ಒಡೆದರೆ ಒಂದೇ ಹಂಚು. ಇಡೀ ಮನೆ ರಿಪೇರಿಗೆ ಅಂತಲೇ ಕಟ್ಟಿದ ಹಾಗಿದೆ. ಆರ್‌ಸಿಸಿ ಸ್ಲ್ಯಾಬ್‌ನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಹಾಗೆ ಒಂದು ತುಂಡು ಬಿಚ್ಚಿ ಹೊಸದು ಹಾಕೋಕೆ ಆಗುತ್ತಾ?

ಬಿಡಿಸಬಹುದು ಅನ್ನೋದಕ್ಕೆ ಇನ್ನೊಂದು ಮುಖವೂ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆಯಲ್ಲ, ಅಲ್ಲಿ ಬೇರೆ ಬೇರೆ ಊರುಗಳಲ್ಲಿ ಅಳಿಯುತ್ತಿದ್ದ ಮನೆಗಳನ್ನು ತುಂಡು ತುಂಡಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಅದು ಸಾಧ್ಯವಾಗಿದ್ದು ಈ ಕಟ್ಟುವ ರೀತಿಯಿಂದ. ಅದೇ ಕಾರಣಕ್ಕೆ ಹಳೇ ಮರದ ವ್ಯಾಪಾರಿಗಳಿಗೂ ಕೆಲಸ ಸುಲಭ. ಹೋದ ವರ್ಷ ಒಬ್ಬರು ನಮ್ಮ ಮನೆಗೆ ಬಂದು ಕಾಫಿ ಕುಡಿದು, ನಾಲ್ಕು ಕಂಬ ಮತ್ತು ಮುಂಬಾಗಿಲ ದಾರಂದಕ್ಕೆ 60,000 ಕೊಡ್ತೀನಿ ಅಂದರು. ಬೆಂಗಳೂರಲ್ಲಿ ಯಾರೋ ಕೆಫೆ ಮಾಡುತ್ತಿದ್ದಾರಂತೆ. ಅಜ್ಜಿ ಕೇಳಿದರು, “ಕಂಬ ತಗೊಂಡೋದ್ರೆ ಸೂರು ಎಲ್ಲಿ ನಿಲ್ಲುತ್ತಪ್ಪ?” ಅವರು, “ಕಬ್ಬಿಣದ ಪೈಪ್ ಕೊಡ್ಸೋಣ ಬಿಡಿ ಅಮ್ಮ” ಅಂದರು.

ಅಪ್ಪ ನಗಲಿಲ್ಲ. ಅವರು ಯೋಚನೆ ಮಾಡುತ್ತಿದ್ದರು. ನನಗೆ ಆವತ್ತು ಕೋಪ ಬಂದಿತ್ತು, ಈಗ ಅಷ್ಟು ಇಲ್ಲ. ಯಾಕಂದರೆ ಪ್ರತಿ ವರ್ಷ ಆ ಮನೆಗೆ ದುಡ್ಡು ಹಾಕುತ್ತಿರೋದು ಅಪ್ಪ ಒಬ್ಬರೇ. ಮನೆ ನಾಲ್ಕು ಜನ ಅಣ್ಣತಮ್ಮಂದಿರ ಹೆಸರಲ್ಲಿದೆ. ಭಾಗ ಆದಾಗ ಚಿಕ್ಕಪ್ಪನ ಪಾಲಿಗೆ ಬಂದ ಮೂಲೆಯನ್ನು ಅವರು ಕೆಡವಿ ಎರಡಂತಸ್ತು ಕಟ್ಟಿಸಿದರು. ತೊಟ್ಟಿಯ ನಡುವೆ ಒಂದು ಸಿಮೆಂಟ್ ಬ್ಲಾಕ್ ಗೋಡೆ ಎದ್ದಿತು. ಅವರ ಮಾಳಿಗೆಯ ಪೈಪಿನ ನೀರು ಇವತ್ತಿಗೂ ನಮ್ಮ ಗೋಡೆಯ ಬುಡಕ್ಕೇ ಬೀಳುತ್ತೆ. ತೇವಕ್ಕೆ ಅರ್ಧ ಕಾರಣ ನಾನು ಅಂದೆನಲ್ಲ, ಉಳಿದರ್ಧ ಅದು. ಹಳೇ ಮನೆಗಳ ಬಗ್ಗೆ ಬರೆಯುವ ಇಂಗ್ಲಿಷ್ ಲೇಖನಗಳಲ್ಲಿ ಗೆದ್ದಲು, ಮಳೆ, ಉದಾಸೀನ ಎಲ್ಲಾ ಬರುತ್ತೆ. ಪಾಲುಪಟ್ಟಿ ಮಾತ್ರ ಬರೋದೇ ಇಲ್ಲ. ನಮ್ಮೂರಿನಲ್ಲಿ ನಾನು ನೋಡಿದ ಹಾಗೆ ಗೆದ್ದಲಿಗಿಂತ ಹೆಚ್ಚು ತೊಟ್ಟಿ ಮನೆ ತಿಂದಿರೋದು ಪಾಲುಪಟ್ಟಿ.

ಇನ್ನು ಕೋತಿ. ನಗಬೇಡಿ. ನಮ್ಮೂರಲ್ಲಿ ಹಂಚು ತೆಗೆದು ಶೀಟ್ ಹಾಕಿಸಿದ ಹತ್ತು ಜನರನ್ನು ಯಾಕೆ ಅಂತ ಕೇಳಿ, ಎಂಟು ಜನ ಕೋತಿ ಅಂತಾರೆ. ಹಂಚಿನ ಸೂರಿಗೆ ಪ್ರತಿ ವರ್ಷ ಮುಂಗಾರಿನ ಮೊದಲು ಯಾರಾದರೂ ಹತ್ತಿ ಹಂಚು ಕೈಯಾಡಿಸಬೇಕು. ಜಾರಿದ್ದನ್ನು ಸರಿಮಾಡಿ, ಒಡೆದದ್ದನ್ನು ಬದಲಿಸಿ, ಸಂದಿಯಲ್ಲಿ ಸೇರಿದ ಎಲೆ ಕಸ ತೆಗೆಯಬೇಕು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಾಡಹಂಚಿನ ಜಾಗಕ್ಕೆ ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹಂಚು ಬಂದು ಈ ಕೆಲಸ ಸ್ವಲ್ಪ ಸುಲಭವಾಯಿತು. ಆದರೂ ಕೆಲಸ ಕೆಲಸವೇ. ಒಂದು ವರ್ಷ ಬಿಟ್ಟರೆ ನೀರು ರೀಪಿಗೆ ಇಳಿಯುತ್ತೆ, ಎರಡನೇ ವರ್ಷ ಜಂತೆಗೆ, ಮೂರನೇ ವರ್ಷ ಗೋಡೆ ತಲೆಗೆ. ಒಂದು ದಿನದ ಕೂಲಿ ಉಳಿಸೋಕೆ ಹೋಗಿ ಮನೆ ಕಳಕೊಂಡವರನ್ನು ನೋಡಿದ್ದೀನಿ. ಹತ್ತುವವರು ಸಿಗದೆ ಕಳಕೊಂಡವರನ್ನೂ ನೋಡಿದ್ದೀನಿ. ಅವರನ್ನು ಬೈಯೋದು ಹೇಗೆ?

ಮೇಂಟೆನೆನ್ಸ್ ಇಲ್ಲದ ಹಳೇ ಕಟ್ಟಡ ಅಪಾಯ ಅನ್ನೋದನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ವಾಟ್ಸಾಪ್ ಗುಂಪಿಗೆ ಸೇರ್ತೀನಿ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅದಾದ ಮೇಲೆ ಕೆಡವಬೇಕೋ ಉಳಿಸಬೇಕೋ ಅನ್ನೋ ಜಗಳ ವರ್ಷಗಟ್ಟಲೆ ನಡೆಯಿತು. ಜಗಳ ಆಡುವಾಗ ಕಟ್ಟಡ ಕಾಯುತ್ತಾ ಕೂರಲ್ಲ, ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಹೋಗುತ್ತಿರುತ್ತೆ. ಉಳಿದ ಉದಾಹರಣೆಯೂ ಮೈಸೂರಲ್ಲೇ ಇದೆ. ಯಾದವಗಿರಿಯಲ್ಲಿರುವ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವೋಕೆ ಶುರುಮಾಡಿಬಿಟ್ಟಿದ್ದರು. ಜನ ಗಲಾಟೆ ಮಾಡಿದರು, ಕೆಲಸ ನಿಂತಿತು, ಆಮೇಲೆ ದುರಸ್ತಿಯಾಗಿ ಈಗ ಮ್ಯೂಸಿಯಂ ಆಗಿದೆ. ಒಳ್ಳೆಯದೇ. ಆದರೆ ನನ್ನ ಅಜ್ಜಿ ಕಾದಂಬರಿ ಬರೆದಿಲ್ಲ. ನಮ್ಮ ಮನೆಗೆ ಯಾರೂ ಗಲಾಟೆ ಮಾಡಲ್ಲ. ಊರೂರಿನಲ್ಲಿರುವ ಇಂಥ ಸಾಧಾರಣ ಮನೆಗಳಿಗೆ ಮ್ಯೂಸಿಯಂ ಉತ್ತರ ಅಲ್ಲವೇ ಅಲ್ಲ. ಅಲ್ಲಿ ಜನ ಒಲೆ ಹಚ್ಚಬೇಕು, ಮಕ್ಕಳು ಗೋಡೆಗೆ ಗೀಚಬೇಕು.

ಜನ ವಾಸ ಮಾಡಬೇಕು ಅಂದರೆ ಮನೆ ಬದಲಾಗಲೂಬೇಕು. ಇಲ್ಲಿ ನನಗೂ ನಮ್ಮ ಕ್ಲಬ್‌ನ ಕೆಲವು ಗೆಳೆಯರಿಗೂ ಜಗಳ. ‘ಒರಿಜಿನಲ್ ಹಾಗೇ ಇರಬೇಕು’ ಅಂತಾರೆ ಅವರು. ಒರಿಜಿನಲ್ ಮನೆಯಲ್ಲಿ ಬಚ್ಚಲು ಹಿತ್ತಲಲ್ಲಿತ್ತು. ಮಂಡಿನೋವಿನ ಅಜ್ಜಿ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಅಲ್ಲಿಗೆ ಹೋಗಬೇಕಾ? ಅಡುಗೆಮನೆಯಲ್ಲಿ ಬೆಳಕಿರಲಿಲ್ಲ, ಹೊಗೆ ಮಾತ್ರ ಬೇಕಾದಷ್ಟಿತ್ತು. ಹಜಾರದ ಹಿಂದೆ ಒಂದು ಕತ್ತಲೆ ಮೂಲೆ ಇದೆ. ಅಜ್ಜಿ, ಅವರ ಅತ್ತೆ, ಆಮೇಲೆ ನಮ್ಮತ್ತೆಯರು ತಿಂಗಳಿಗೆ ಮೂರು ದಿನ ಕೂರುತ್ತಿದ್ದದ್ದು ಅಲ್ಲಿ. ಜಗಲಿಯಿಂದ ಒಳಗೆ ಯಾರು ಬರಬಹುದು, ಯಾರು ಬರಬಾರದು ಅನ್ನೋದು ಹೊಸ್ತಿಲಲ್ಲೇ ಬರೆದಿಟ್ಟ ಹಾಗಿತ್ತು. ಆ ಹೊಸ್ತಿಲಿನ ಕೆತ್ತನೆ ನನಗೆ ಇಷ್ಟ, ಆ ಹೊಸ್ತಿಲ ಕಾನೂನು ಬೇಡ. ಕತ್ತಲೆ ಮೂಲೆಗೆ ಕಿಟಕಿ ಇಡಿಸಿ ಅಲ್ಲಿ ನನ್ನ ಓದುವ ಮೇಜು ಹಾಕಿಸಬೇಕು ಅಂತ ಅಪ್ಪನಿಗೆ ಹೇಳಿದ್ದೀನಿ. ಇದನ್ನು ಹೇಳಿದಾಗ ಅಜ್ಜಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಕಿಟಕಿ ದೊಡ್ಡದಾಗೇ ಇಡ್ಸು” ಅಂದರು.

ಸರಿ, ಗೋಡೆಗೆ ವಾಪಸ್ ಬರೋಣ. ಗಾರೆ ತಾತ ಹೇಳಿದ ಮದ್ದು ಕೇಳೋಕೆ ಸುಲಭ: ಸಿಮೆಂಟ್ ಪೂರ್ತಿ ಕೀಳಿ, ಗೋಡೆಯನ್ನು ಒಂದು ಬೇಸಿಗೆ ಬೆತ್ತಲೆ ಬಿಡಿ, ಆಮೇಲೆ ಸುಣ್ಣದ ಗಾರೆ. ಮಾಡಿಸೋಕೆ ಹೋದಾಗ ಗೊತ್ತಾಯಿತು ಎಷ್ಟು ಕಷ್ಟ ಅಂತ. ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ ವಾರಗಟ್ಟಲೆ ನೆನೆಯೋಕೆ ಬಿಡಬೇಕು. ಹಿಂದೆ ಮರಳು, ಇಟ್ಟಿಗೆ ಪುಡಿ ಸೇರಿಸಿ ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಅರೆಯುತ್ತಿದ್ದರು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಹಾಕುತ್ತಿದ್ದರು. ಈ ಬೆಲ್ಲದ ಕತೆ ಕೇಳಿ ನಾನು ಮೊದಲು ನಕ್ಕಿದ್ದೆ. ಹುಡುಕಿ ಓದಿದಾಗ ಸಸ್ಯದ ಅಂಟು, ಸಕ್ಕರೆ ಇಂಥವು ಗಾರೆಯ ಗುಣ ಬದಲಿಸುವುದರ ಮೇಲೆ ಸಂಶೋಧನೆಗಳೇ ನಡೆದಿವೆ ಅಂತ ತಿಳಿಯಿತು. ಇಟ್ಟಿಗೆ ಪುಡಿ ಅಂತೂ ನಾವು ಫ್ಲೈ ಆ್ಯಶ್ ಪಾಠದಲ್ಲಿ ಓದುವ ಅದೇ ಪೊಝೋಲಾನ.

ಇದರ ಕೆಮಿಸ್ಟ್ರಿ ನನಗೆ ತುಂಬಾ ಇಷ್ಟವಾಯಿತು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ನಿಧಾನವಾಗಿ ಮತ್ತೆ ಕಲ್ಲೇ ಆಗುತ್ತೆ. ಸಿಮೆಂಟಿಗಾದರೆ ಗೂಡು ಸುಮಾರು 1,450 ಡಿಗ್ರಿ ಕಾಯಬೇಕು. ಆದರೆ ಆ ‘ನಿಧಾನವಾಗಿ’ ಇದೆಯಲ್ಲ, ಅದೇ ತೊಂದರೆ. ಸುಣ್ಣ ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ತೆಳುವಾಗಿ ಪದರ ಪದರ ಬಳಿಯಬೇಕು, ಬಿಸಿಲಿಗೆ ಬೇಗ ಒಣಗದ ಹಾಗೆ ಒದ್ದೆ ಗೋಣಿ ಕಟ್ಟಬೇಕು. ನಾವು ಕೇಳಿದ ಮೇಸ್ತ್ರಿ ಸಿಮೆಂಟಿನ ಹತ್ತಿರ ಹತ್ತಿರ ಎರಡರಷ್ಟು ರೇಟು ಹೇಳಿದರು. ಇನ್ನೊಬ್ಬರು ಒಪ್ಪಿಕೊಂಡು, ಸುಣ್ಣಕ್ಕೆ ಕದ್ದು ಸಿಮೆಂಟ್ ಬೆರೆಸುತ್ತಿದ್ದರು! ತಾತ ಬಾಣಲೆಗೆ ಕೈಹಾಕಿ ನೋಡಿ ಕಂಡುಹಿಡಿದರು. ನಾನು ಅಲ್ಲೇ ನಿಂತಿದ್ದೆ, ನನಗೆ ಗೊತ್ತಾಗಲಿಲ್ಲ.

ಅಲ್ಲಿ ನನಗೆ ನಾಚಿಕೆ ಆಯಿತು. ನಾನು ಮೂರನೇ ಸೆಮಿಸ್ಟರ್‌ನಲ್ಲಿ ಬಿಲ್ಡಿಂಗ್ ಮೆಟೀರಿಯಲ್ಸ್ ಪಾಸ್ ಮಾಡಿದವಳು. ನನ್ನ ನೋಟ್ಸಲ್ಲಿ ಸುಣ್ಣಕ್ಕೆ ಅರ್ಧ ಪುಟ. ಕಾಂಕ್ರೀಟ್ ಕ್ಯೂಬ್ ಒಡೆಯುವ ಮಷಿನ್ ನಮ್ಮ ಲ್ಯಾಬಲ್ಲಿದೆ, ಸುಣ್ಣ ಅರಳಿಸೋದನ್ನು ಒಂದು ಸಲವೂ ತೋರಿಸಿಲ್ಲ. ನಾವು ಪಾಸಾಗಿ ಹೋದ ಮೇಲೆ ಸೈಟಲ್ಲಿ ನಿಂತು ಹಳೇ ಮನೆಯವರಿಗೆ ಏನು ಹೇಳ್ತೀವಿ? ನಾನು ಅಜ್ಜಿಗೆ ಹೇಳಿದ್ದನ್ನೇ ಹೇಳ್ತೀವಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲೇ ‘ಅಸ್ತ್ರ’ ಅನ್ನೋ ಕೇಂದ್ರ ಶುರುವಾಗಿ, ಪ್ರೊ. ಕೆ.ಎಸ್. ಜಗದೀಶ್ ಅವರಂಥವರು ಮಣ್ಣಿನ ಬ್ಲಾಕ್‌ಗಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ಮಣ್ಣು, ಸುಣ್ಣ ಅಂದರೆ ಹಿಂದುಳಿದದ್ದು, ಅದರಲ್ಲಿ ಇಂಜಿನಿಯರಿಂಗ್ ಇಲ್ಲ ಅನ್ನೋ ಹಾಗಿಲ್ಲ. ನಮ್ಮ ತನಕ ಬಂದಿಲ್ಲ, ಅಷ್ಟೇ.

ಕೆಲಸಗಾರರ ಬಗ್ಗೆ ಒಂದು ಮಾತು. ‘ಹಳೇ ಕಸುಬು ಉಳಿಯಬೇಕು’ ಅಂತ ನಾವು ಸ್ಟೇಜ್ ಮೇಲೆ ಹೇಳ್ತೀವಿ. ತಾತನ ಮಗ ಟೈಲ್ಸ್ ಹಾಕೋ ಕೆಲಸ ಮಾಡ್ತಾರೆ, ಮೊಮ್ಮಗ ಐಟಿಐ ಎಲೆಕ್ಟ್ರಿಷಿಯನ್. ಅವರು ಸುಣ್ಣದ ಗಾರೆ ಕಲಿಯಬೇಕಿತ್ತು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಸುಣ್ಣ ಕೈ ಸುಡುತ್ತೆ, ವರ್ಷಕ್ಕೆ ಎರಡು ಮನೆ ಸಿಗಲ್ಲ. ಎರಡರಷ್ಟು ರೇಟು ಅಂದಾಗ ನಾವು ಮುಖ ಕಿವುಚಿದೆವು. ಅದೇ ರೇಟಿಗೆ ಇಟಾಲಿಯನ್ ಮಾರ್ಬಲ್ ಅಂದಿದ್ದರೆ ಕಿವುಚುತ್ತಿರಲಿಲ್ಲ. ಕಸುಬು ಉಳಿಯಬೇಕಾದರೆ ಅದಕ್ಕೆ ಸರಿಯಾದ ಕೂಲಿ ಸಿಗಬೇಕು, ವರ್ಷಪೂರ್ತಿ ಕೆಲಸ ಇರಬೇಕು. ಹತ್ತು ಮನೆಯವರು ಸೇರಿ ಒಂದೇ ತಂಡಕ್ಕೆ ಸರದಿ ಮೇಲೆ ಕೆಲಸ ಕೊಡಬಹುದಲ್ಲ ಅಂತ ನನಗೆ ಅನ್ನಿಸುತ್ತೆ. ನಮ್ಮೂರಿನಲ್ಲೇ ಇಂಥ ಏಳು ಮನೆ ಇವೆ, ಕೇಳಿ ನೋಡಿದ್ದೀನಿ, ಮೂವರು ಒಪ್ಪಿದ್ದಾರೆ. ಅದರಲ್ಲಿ ಒಬ್ಬರು ಚಿಕ್ಕಪ್ಪನ ಮೇಲಿನ ಕೋಪಕ್ಕೆ ಒಪ್ಪಿರೋದು, ಇರಲಿ.

ಈಗ ಮನೆಯ ಸ್ಥಿತಿ ಹೀಗಿದೆ. ಡಿಸೆಂಬರ್ ರಜೆಯಲ್ಲಿ ನಾನು, ಅಪ್ಪ, ಇಬ್ಬರು ಆಳು ಸೇರಿ ಎರಡು ಗೋಡೆಯ ಸಿಮೆಂಟ್ ಕಿತ್ತೆವು. ಕೀಳುವಾಗ ಒಳಗಿನ ಮಣ್ಣೂ ಅಲ್ಲಲ್ಲಿ ಬಂತು, ಆ ಗುಂಡಿಗಳಿಗೆ ಕಲಸಿದ ಮಣ್ಣು ತುಂಬಿದ್ದೀವಿ. ಚಿಕ್ಕಪ್ಪ ಪೈಪ್ ತಿರುಗಿಸೋಕೆ ಒಪ್ಪಿದ್ದಾರೆ, ಇನ್ನೂ ತಿರುಗಿಸಿಲ್ಲ. ಕಂಬ ಕೊಟ್ಟಿಲ್ಲ. ವ್ಯಾಪಾರಿ ಎರಡು ಸಲ ಫೋನ್ ಮಾಡಿದ್ದರು, ರೇಟು 75,000ಕ್ಕೆ ಏರಿದೆ. ಅಪ್ಪ ಈ ಮಳೆಗಾಲ ನೋಡೋಣ ಅಂದಿದ್ದಾರೆ. ಗೋಡೆ ನಿಂತರೆ ಕಂಬವೂ ನಿಲ್ಲುತ್ತೆ, ಇಲ್ಲದಿದ್ದರೆ ನನ್ನ ಹತ್ತಿರ ವಾದ ಮಾಡೋಕೆ ಏನೂ ಉಳಿಯಲ್ಲ.

ಮೇ ತಿಂಗಳಲ್ಲಿ ಮೊದಲ ಪದರ ಸುಣ್ಣ ಬಳಿಯಬೇಕು. ತಾತ ಕುರ್ಚಿ ಹಾಕಿಕೊಂಡು ಕೂತು ಹೇಳ್ತೀನಿ ಅಂದಿದ್ದಾರೆ, ಕರಣೆ ಹಿಡಿಯೋಕೆ ಅವರ ಕೈ ನಡುಗುತ್ತೆ. ನನ್ನ ಕೈಗೆ ಇನ್ನೂ ಬಂದಿಲ್ಲ. ನಮ್ಮ ಕಾಲೇಜಲ್ಲಿ ಯಾರ ಊರಿನಲ್ಲಾದರೂ ಸುಣ್ಣದ ಗಾರೆ ಗೊತ್ತಿರುವವರು ಇದ್ದರೆ ದಯವಿಟ್ಟು ಹೇಳಿ. ಸಿವಿಲ್ ಬ್ಲಾಕ್‌ನಲ್ಲಿ ನಾಲ್ಕನೇ ಸೆಮ್ ‘ಬಿ’ ಸೆಕ್ಷನ್, ಕಿಟಕಿ ಪಕ್ಕದ ಎರಡನೇ ಬೆಂಚು. ಬಂದು ಹೋಗುವ ಖರ್ಚು, ಕೂಲಿ, ಊಟ ನಮ್ಮದು. ಅಡುಗೆ ಅಜ್ಜಿಯದು, ಹಾಗಾಗಿ ಊಟದ ಬಗ್ಗೆ ಚಿಂತೆ ಬೇಡ.